ತಲೆಯ ಸಾದಾ ಗಡ್ಡೆ ಮತ್ತು ತುರ್ತಿನ ಮೊದಲ ಗಂಟೆ

(ಹಾಸನದಲ್ಲಿ ಆಶಾ ಕಾರ್ಯಕರ್ತೆಯರು, ಶಿಕ್ಷಕರು ಮತ್ತು ಸಾರ್ವಜನಿಕರ ಮುಂದೆ ವೈದ್ಯರೊಬ್ಬರು ಮಾಡಿದ ಉಪನ್ಯಾಸದ ಬರಹ ರೂಪ)

2025ರ ಜೂನ್, ಜುಲೈ ತಿಂಗಳನ್ನು ಹಾಸನದವರು ಮರೆತಿರಲಾರರು. ಚಿಕ್ಕ ವಯಸ್ಸಿನವರು ಹೃದಯಾಘಾತದಿಂದ ಹೋದರು ಎಂಬ ಸುದ್ದಿ ಮೇಲಿಂದ ಮೇಲೆ ಬರುತ್ತಿತ್ತು. ಜನ ಹೆದರಿ ಜಯದೇವ ಆಸ್ಪತ್ರೆ ಮುಂದೆ ಸಾಲುಗಟ್ಟಿ ನಿಂತರು. ಸರ್ಕಾರ ತಜ್ಞರ ಸಮಿತಿ ಮಾಡಿ ವರದಿ ತರಿಸಿಕೊಂಡಿತು. ಆ ಭಯದಿಂದ ಒಂದು ಒಳ್ಳೆಯದೂ ಆಯಿತು ಅಂತ ನನಗನ್ನಿಸುತ್ತದೆ. ಎದೆನೋವು, ಬೆವರು, ಎಡಗೈ ಸೆಳೆತ ಬಂದರೆ ಕೂಡಲೇ ಇಸಿಜಿ ಮಾಡಿಸಬೇಕು ಅಂತ ಈಗ ಹಳ್ಳಿಯ ಅಜ್ಜಿಗೂ ಗೊತ್ತು.

ತಲೆಯ ವಿಷಯದಲ್ಲಿ ಆ ತಿಳಿವಳಿಕೆ ಇನ್ನೂ ಬಂದಿಲ್ಲ. ಜೋರು ತಲೆನೋವಿನ ಜೊತೆ ವಾಂತಿಯಾದರೆ ನಾವು ‘ಪಿತ್ತ’ ಅಂತೀವಿ. ನಿಂಬೆಹಣ್ಣಿನ ಶರಬತ್ತು ಕುಡಿಸಿ, ಕತ್ತಲೆ ಕೋಣೆಯಲ್ಲಿ ಮಲಗಿಸುತ್ತೇವೆ. ಬಹಳಷ್ಟು ಸಲ ಅಷ್ಟಕ್ಕೇ ಸರಿಹೋಗುತ್ತದೆ ಕೂಡ. ಸರಿಹೋಗದ ಕೆಲವೇ ಸಲಗಳ ಬಗ್ಗೆ ನಾನಿವತ್ತು ಮಾತಾಡುತ್ತೇನೆ.

ತಲೆಯಲ್ಲಿ ಗಡ್ಡೆ ಇದೆ ಅಂದ ಕೂಡಲೇ ಮನೆಯವರು ಕೇಳುವ ಮೊದಲ ಪ್ರಶ್ನೆ, ‘ಕ್ಯಾನ್ಸರಾ ಡಾಕ್ಟ್ರೇ?’ ಅಲ್ಲ ಅಂದರೆ ಎಲ್ಲರಿಗೂ ಜೀವ ಬಂದಂತಾಗುತ್ತದೆ. ಆ ನೆಮ್ಮದಿ ನ್ಯಾಯವಾದದ್ದೇ. ಮೆದುಳಿನ ಹೊದಿಕೆಯ ಮೆನಿಂಜಿಯೋಮ, ಪಿಟ್ಯುಟರಿ ಗ್ರಂಥಿಯ ಅಡಿನೋಮ, ಕಿವಿಯ ನರದ ಗಡ್ಡೆ, ಇವೆಲ್ಲ ಸಾಮಾನ್ಯವಾಗಿ ನಿಧಾನಕ್ಕೆ ಬೆಳೆಯುವಂಥವು. ಬೇರೆ ಅಂಗಗಳಿಗೆ ಹರಡುವುದಿಲ್ಲ. ಎಷ್ಟೋ ಸಲ ಆಪರೇಷನ್ನೂ ಬೇಕಾಗುವುದಿಲ್ಲ, ವರ್ಷಕ್ಕೊಮ್ಮೆ ಸ್ಕ್ಯಾನ್ ಮಾಡಿ ನೋಡಿಕೊಂಡಿದ್ದರೆ ಸಾಕು. ತೊಂದರೆ ಇರುವುದು ಮುಂದಿನ ಹೆಜ್ಜೆಯಲ್ಲಿ. ಕ್ಯಾನ್ಸರ್ ಅಲ್ಲ ಅಂತ ಗೊತ್ತಾದ ಮೇಲೆ ಫೈಲು ಬೀರುವಿನ ಮೇಲೆ ಹೋಗುತ್ತದೆ. ವರ್ಷಕ್ಕೊಮ್ಮೆಯ ಸ್ಕ್ಯಾನ್ ನಿಂತುಹೋಗುತ್ತದೆ. ಮನೆಯಲ್ಲಿ ಆ ವಿಷಯ ಒಬ್ಬರಿಗೋ ಇಬ್ಬರಿಗೋ ಮಾತ್ರ ಗೊತ್ತಿರುತ್ತದೆ. ಅವರು ಊರಲ್ಲಿಲ್ಲದ ದಿನವೇ ರೋಗಿ ಎಚ್ಚರ ತಪ್ಪಿ ಬಿದ್ದರೆ ತುರ್ತು ಚಿಕಿತ್ಸೆಯ ಡಾಕ್ಟರಿಗೆ ಯಾರು ಹೇಳಬೇಕು?

ಹರಡದ ಗಡ್ಡೆಯೂ ಯಾಕೆ ಜೀವಕ್ಕೆ ಕುತ್ತು ತರುತ್ತದೆ? ಅದು ಇರುವ ಜಾಗ ಅಂಥದ್ದು. ಹೊಟ್ಟೆಯಲ್ಲಾದರೆ ಗಡ್ಡೆ ಬೆಳೆಯಲು ಜಾಗವಿದೆ. ತಲೆಬುರುಡೆ ಎಲ್ಲ ಕಡೆ ಗಟ್ಟಿ ಮೂಳೆ. ಒಳಗೆ ಸ್ವಲ್ಪ ರಕ್ತಸ್ರಾವವಾದರೂ, ಸ್ವಲ್ಪ ಊತ ಬಂದರೂ ಒತ್ತಡ ಮೆದುಳಿನ ಮೇಲೇ ಬೀಳುತ್ತದೆ. ಅದರಲ್ಲೂ ಪಿಟ್ಯುಟರಿ ಗ್ರಂಥಿ ಇರುವ ಜಾಗ ಬಹಳ ಇಕ್ಕಟ್ಟು. ಮೂಗಿನ ನೇರಕ್ಕೆ ಹಿಂದೆ, ಮೆದುಳಿನ ತಳದಲ್ಲಿ ಮೂಳೆಯ ಒಂದು ಸಣ್ಣ ಗುಂಡಿ. ಅದರಲ್ಲಿ ಕಡಲೆಕಾಳಿನ ಗಾತ್ರದ, ಹೆಚ್ಚುಕಡಿಮೆ ಅರ್ಧ ಗ್ರಾಂ ತೂಕದ ಗ್ರಂಥಿ. ಥೈರಾಯ್ಡ್, ಅಡ್ರಿನಲ್, ಅಂಡಾಶಯ, ವೃಷಣ ಎಲ್ಲವೂ ಕೆಲಸ ಮಾಡುವುದು ಇದರ ಅಪ್ಪಣೆ ಮೇಲೆ. ಸರಿಯಾಗಿ ಅದರ ನೆತ್ತಿಯ ಮೇಲೆ ಎರಡೂ ಕಣ್ಣಿನ ನರಗಳು ಒಂದನ್ನೊಂದು ದಾಟಿ ಹೋಗುತ್ತವೆ. ಅಕ್ಕಪಕ್ಕದಲ್ಲಿ ಕಣ್ಣುಗುಡ್ಡೆ ಆಡಿಸುವ ನರಗಳಿವೆ, ಮೆದುಳಿಗೆ ರಕ್ತ ಒಯ್ಯುವ ದೊಡ್ಡ ರಕ್ತನಾಳಗಳಿವೆ.

ಹೆದರಿಸಲು ಹೇಳುತ್ತಿಲ್ಲ. ಏನೂ ತೊಂದರೆಯಿಲ್ಲದವರಿಗೆ ಎಂಆರ್‌ಐ ಮಾಡಿದರೂ ಹತ್ತರಲ್ಲಿ ಸುಮಾರು ಒಬ್ಬರ ಪಿಟ್ಯುಟರಿಯಲ್ಲಿ ಪುಟ್ಟ ಗಡ್ಡೆಯಂಥದ್ದು ಕಾಣುತ್ತದೆ. ಅವರಲ್ಲಿ ಹೆಚ್ಚಿನವರಿಗೆ ಜೀವಮಾನದಲ್ಲಿ ಏನೂ ಆಗುವುದಿಲ್ಲ. ತುರ್ತು ಬರುವುದು ಹೆಚ್ಚಾಗಿ 10 ಮಿಲಿಮೀಟರ್ ಅಥವಾ ಅದಕ್ಕಿಂತ ದೊಡ್ಡ ಗಡ್ಡೆ ಇರುವವರಿಗೆ.

ಈಗ ಒಬ್ಬ ರೋಗಿಯ ಕತೆ ಹೇಳುತ್ತೇನೆ. ಸಕಲೇಶಪುರದ ಕಡೆಯ ಕಾಫಿ ತೋಟದ ರೈಟರು, ವಯಸ್ಸು ಐವತ್ತರ ಆಸುಪಾಸು. ಹಣ್ಣು ಕೀಳುವ ಕಾಲ. ಸಂಜೆ ಆಳುಗಳ ಲೆಕ್ಕ ಬರೆಯುತ್ತಾ ಕೂತಿದ್ದಾಗ ತಲೆಯೊಳಗೆ ಏನೋ ಒಡೆದ ಹಾಗೆ ನೋವು ಬಂತು. ಕಣ್ಣುಗಳ ಹಿಂದೆ, ಹಣೆಯಲ್ಲಿ. ನಿಮಿಷದೊಳಗೆ ತಡೆಯಲಾಗದಷ್ಟು ಜೋರಾಯಿತು. ವಾಂತಿ ಶುರುವಾಯಿತು. ಹತ್ತಿರದ ಕ್ಲಿನಿಕ್ಕಿನಲ್ಲಿ ಗ್ಯಾಸ್ಟ್ರಿಕ್ ಇಂಜೆಕ್ಷನ್ ಮತ್ತು ನೋವಿನ ಇಂಜೆಕ್ಷನ್ ಕೊಟ್ಟು ಮನೆಗೆ ಕಳಿಸಿದರು. ರಾತ್ರಿ ಅವರ ಹೆಂಡತಿ ನೋಡುತ್ತಾರೆ, ಬಲಗಣ್ಣಿನ ರೆಪ್ಪೆ ಇಳಿಬಿದ್ದಿದೆ. ಬೆರಳಿನಿಂದ ರೆಪ್ಪೆ ಎತ್ತಿ ಹಿಡಿದರೆ ‘ದೀಪ ಎರಡೆರಡು ಕಾಣ್ತಿದೆ’ ಅಂದರಂತೆ. ಬೆಳಿಗ್ಗೆ ಎಬ್ಬಿಸಿದರೆ ಮಂಪರು. ಹಾಸನಕ್ಕೆ ಕರೆತಂದಾಗ ಮೇಲಿನ ಬಿಪಿ 80. ಕೈಕಾಲು ತಣ್ಣಗಿತ್ತು. ರಕ್ತದಲ್ಲಿ ಸೋಡಿಯಂ 118. ಅದು 135ರಿಂದ 145ರೊಳಗೆ ಇರಬೇಕು.

ಇದಕ್ಕೆ ಪಿಟ್ಯುಟರಿ ಅಪೊಪ್ಲೆಕ್ಸಿ ಅಂತಾರೆ. ಗಡ್ಡೆಯೊಳಗೆ ಇದ್ದಕ್ಕಿದ್ದಂತೆ ರಕ್ತಸ್ರಾವ ಆಗುತ್ತದೆ, ಇಲ್ಲವೇ ರಕ್ತ ಸಿಗದೆ ಗಡ್ಡೆ ಸತ್ತು ಊದಿಕೊಳ್ಳುತ್ತದೆ. ಇಂಥ ರೋಗಿಯ ಬಗ್ಗೆ 1898ರಲ್ಲೇ ಅಮೆರಿಕದ ಪಿಯರ್ಸ್ ಬೇಲಿ ಎಂಬ ವೈದ್ಯರು ಬರೆದಿದ್ದರು. ನೂರಾ ಇಪ್ಪತ್ತೈದಕ್ಕೂ ಹೆಚ್ಚು ವರ್ಷವಾಯಿತು. ಆದರೂ ಇವತ್ತಿಗೂ ಇದು ಮೊದಲ ನೋಟಕ್ಕೆ ಮೈಗ್ರೇನ್ ಅಂತಲೋ, ಮೆದುಳು ಜ್ವರ ಅಂತಲೋ, ಬಿಪಿ ಏರಿದೆ ಅಂತಲೋ ದಾರಿ ತಪ್ಪಿಸುತ್ತದೆ. ಯಾಕೆಂದರೆ ಇಂಥವರಲ್ಲಿ ಬಹಳಷ್ಟು ಜನಕ್ಕೆ ಗಡ್ಡೆ ಇದೆ ಅಂತಲೇ ಮೊದಲು ಗೊತ್ತಿರುವುದಿಲ್ಲ. ಸಾದಾ ಸಿಟಿ ಸ್ಕ್ಯಾನಿನಲ್ಲೂ ಕೆಲವು ಸಲ ತಪ್ಪಿಸಿಕೊಳ್ಳುತ್ತದೆ. ‘ಸಿಟಿ ನಾರ್ಮಲ್ ಬಂದಿದೆ, ಏನೂ ಇಲ್ಲ’ ಅಂತ ಸುಮ್ನೆ ಕೂರಬಾರದು. ರೆಪ್ಪೆ ಬಿದ್ದಿದ್ದರೆ, ದೃಷ್ಟಿ ಮಂಜಾಗಿದ್ದರೆ, ‘ಪಿಟ್ಯುಟರಿ ನೋಡೋಕೆ ಎಂಆರ್‌ಐ ಬೇಕಾ ಸಾರ್?’ ಅಂತ ನೀವೇ ಕೇಳಿ. ಕೇಳಿದರೆ ಯಾವ ಒಳ್ಳೆಯ ಡಾಕ್ಟರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಎಷ್ಟೋ ಜನರಲ್ಲಿ ಯಾವ ಕಾರಣವೂ ಇಲ್ಲದೆ ಹೀಗಾಗುತ್ತದೆ. ಕೆಲವರಲ್ಲಿ ಮಾತ್ರ ಕಾರಣ ಸಿಗುತ್ತದೆ. ವಿಪರೀತ ಬಿಪಿ, ರಕ್ತ ಹೆಪ್ಪುಗಟ್ಟದಂತೆ ಕೊಡುವ ಮಾತ್ರೆ, ಹೃದಯದ ಆಪರೇಷನ್ನಿನಂಥ ದೊಡ್ಡ ಆಪರೇಷನ್, ತಲೆಗೆ ಪೆಟ್ಟು, ಬಸಿರು. ಡೆಂಗಿಯಲ್ಲಿ ಪ್ಲೇಟ್‌ಲೆಟ್ ಇಳಿದಾಗ ಆದದ್ದೂ ವರದಿಯಾಗಿದೆ. ಮಳೆಗಾಲದಲ್ಲಿ ನಮ್ಮ ಜಿಲ್ಲೆಗೆ ಡೆಂಗಿ ಹೊಸದಲ್ಲ, ಅಲ್ವಾ? ಡೆಂಗಿ ರೋಗಿ ತಲೆನೋವಿನ ಜೊತೆ ‘ಕಣ್ಣು ಕಾಣ್ತಿಲ್ಲ’ ಅಂದರೆ ಜ್ವರದ ನಿಶ್ಶಕ್ತಿ ಅಂತ ಬಿಡಬೇಡಿ.

ಮತ್ತೆ ಆ ರೈಟರ ಹತ್ತಿರ ಬರೋಣ. ಅವರ ಬಿಪಿ ಯಾಕೆ ಅಷ್ಟು ಇಳಿಯಿತು? ಅಷ್ಟು ಸಣ್ಣ ಗ್ರಂಥಿಯಲ್ಲಿ ಬಿಪಿ ಇಳಿಸುವಷ್ಟು ರಕ್ತ ಹೋಗುವುದಿಲ್ಲ. ಕಾರಣ ಹಾರ್ಮೋನು. ಕಿಡ್ನಿಗಳ ಮೇಲೆ ಕೂತಿರುವ ಅಡ್ರಿನಲ್ ಗ್ರಂಥಿಗಳು ಕಾರ್ಟಿಸಾಲ್ ಎಂಬ ಹಾರ್ಮೋನು ಮಾಡುತ್ತವೆ. ಜ್ವರ, ಪೆಟ್ಟು, ಆಪರೇಷನ್, ಇಂಥ ಕಷ್ಟದ ಹೊತ್ತಿನಲ್ಲಿ ಬಿಪಿ ಹಿಡಿದು ನಿಲ್ಲಿಸುವುದು ಅದು. ಪಿಟ್ಯುಟರಿಯಿಂದ ಅಪ್ಪಣೆ ಬರುವುದು ನಿಂತರೆ ಕಾರ್ಟಿಸಾಲೂ ನಿಲ್ಲುತ್ತದೆ. ಬಿಪಿ ಕುಸಿಯುತ್ತದೆ, ಸೋಡಿಯಂ ಇಳಿಯುತ್ತದೆ, ಸಕ್ಕರೆಯೂ ಇಳಿಯಬಹುದು. ಅಪೊಪ್ಲೆಕ್ಸಿಯಲ್ಲಿ ಜನ ಸಾಯುವುದಕ್ಕೆ ಮುಖ್ಯ ಕಾರಣಗಳಲ್ಲಿ ಇದೊಂದು.

ನಾನು ಇವತ್ತು ಇಲ್ಲಿಗೆ ಬಂದದ್ದೇ ಈಗ ಹೇಳುವ ಮಾತಿಗಾಗಿ. ಇದರ ಔಷಧಿ ಬೆಂಗಳೂರಲ್ಲಿ ಮಾತ್ರ ಸಿಗುವಂಥದ್ದಲ್ಲ. ಹೈಡ್ರೊಕಾರ್ಟಿಸೋನ್ ಇಂಜೆಕ್ಷನ್, ಅಂದರೆ ಔಷಧಿಯ ರೂಪದಲ್ಲಿರುವ ಕಾರ್ಟಿಸಾಲೇ, 100 ಮಿಲಿಗ್ರಾಂ. ಆಸ್ತಮಾಕ್ಕೆ, ಅಲರ್ಜಿಗೆ ಕೊಡುವ ಅದೇ ಪುಟ್ಟ ಬಾಟಲಿ. ಬೆಲೆ ನೂರು ರೂಪಾಯಿಯೊಳಗೆ. ತಾಲ್ಲೂಕು ಆಸ್ಪತ್ರೆಯಲ್ಲಿ ಸಾಮಾನ್ಯವಾಗಿ ಇದ್ದೇ ಇರುತ್ತದೆ. ದೊಡ್ಡವರಿಗೆ 100 ಮಿಲಿಗ್ರಾಂ ರಕ್ತನಾಳಕ್ಕೆ, ನಾಳ ಸಿಗದಿದ್ದರೆ ಮಾಂಸಖಂಡಕ್ಕೆ. ಜೊತೆಗೆ ಸಲೈನ್ ಡ್ರಿಪ್. ಮಕ್ಕಳಿಗೆ ಅಳತೆ ಬೇರೆ. ಪಿಟ್ಯುಟರಿ ಗಡ್ಡೆ ಇರುವವರ ಬಿಪಿ ಇಳಿದಿದೆ, ಮಂಪರಿದೆ, ಅಥವಾ ಕಣ್ಣು ಕಾಣದಾಗಿದೆ ಅಂದರೆ ರಕ್ತಪರೀಕ್ಷೆಯ ರಿಪೋರ್ಟಿಗೆ ಕಾಯುವ ಹಾಗಿಲ್ಲ. ಕಾರ್ಟಿಸಾಲ್ ನೋಡಲು ರಕ್ತ ತೆಗೆದಿಟ್ಟು, ಇಂಜೆಕ್ಷನ್ ಕೊಟ್ಟು, ಆಮೇಲೆ ಆಂಬುಲೆನ್ಸ್ ಹತ್ತಿಸಬೇಕು. ಹಾಸನದಿಂದ ಬೆಂಗಳೂರು ಸುಮಾರು 180 ಕಿಲೋಮೀಟರ್. ಸಕಲೇಶಪುರದಿಂದಾದರೆ ಇನ್ನೂ ಜಾಸ್ತಿ. ಆ ಮೂರು ನಾಲ್ಕು ಗಂಟೆ ಕಾರ್ಟಿಸಾಲ್ ಇಲ್ಲದೆ ಪ್ರಯಾಣ ಮಾಡಿಸುವುದು ಎಷ್ಟು ಅಪಾಯ ಅಂತ ಯೋಚಿಸಿ. ನಮ್ಮ ರೈಟರಿಗೆ ಇಂಜೆಕ್ಷನ್ ಕೊಟ್ಟ ಕೆಲವೇ ಗಂಟೆಗಳಲ್ಲಿ ಬಿಪಿ ಮೇಲೆ ಬಂತು, ಮಾತಾಡಿದರು. ಆಮೇಲೆ ಬೆಂಗಳೂರಿನಲ್ಲಿ ಮೂಗಿನ ಮೂಲಕ ಆಪರೇಷನ್ ಆಯಿತು. ರೆಪ್ಪೆ ಸರಿಹೋಗಲು ಕೆಲವು ವಾರ ಹಿಡಿಯಿತು. ಹೈಡ್ರೊಕಾರ್ಟಿಸೋನ್ ಮಾತ್ರೆ ಮಾತ್ರ ಜೀವನಪರ್ಯಂತ ಬೇಕು.

ಎಲ್ಲ ಅಪೊಪ್ಲೆಕ್ಸಿಗೂ ಆಪರೇಷನ್ ಬೇಕಿಲ್ಲ. ದೃಷ್ಟಿ ಚೆನ್ನಾಗಿದ್ದು ಎಚ್ಚರವಿದ್ದರೆ ಔಷಧಿಯಲ್ಲೇ ಗಮನಿಸುತ್ತಾರೆ. ದೃಷ್ಟಿ ತೀರಾ ಕುಸಿಯುತ್ತಿದ್ದರೆ ಬೇಗ ಮಾಡುತ್ತಾರೆ, ವಾರದೊಳಗೆ ಮಾಡಿದರೆ ಫಲ ಚೆನ್ನಾಗಿರುತ್ತದೆ.

ಕಾರ್ಟಿಸಾಲ್ ಬಗ್ಗೆ ಹೇಳುವಾಗ ಒಂದು ಪಕ್ಕದ ಮಾತು ಹೇಳದೆ ಇರಲಾರೆ. ಗಡ್ಡೆಯೇ ಇಲ್ಲದವರಿಗೂ ಇದೇ ಅಪಾಯ ಬರುತ್ತದೆ. ಮಂಡಿನೋವಿಗೆ, ಉಬ್ಬಸಕ್ಕೆ ಚೀಟಿಯಿಲ್ಲದೆ ಪೊಟ್ಟಣದಲ್ಲಿ ಮಾತ್ರೆ ಕೊಡುತ್ತಾರಲ್ಲ, ತಿಂದ ಮಾರನೇ ದಿನವೇ ಮೈ ಹಗುರಾಗುತ್ತದಲ್ಲ, ಅದರಲ್ಲಿ ಎಷ್ಟೋ ಸಲ ಸ್ಟೀರಾಯ್ಡ್, ಅಂದರೆ ಕಾರ್ಟಿಸಾಲಿನಂತೆಯೇ ಕೆಲಸ ಮಾಡುವ ಔಷಧಿ, ಇರುತ್ತದೆ. ತಿಂಗಳುಗಟ್ಟಲೆ ಹೊರಗಿನಿಂದ ಸ್ಟೀರಾಯ್ಡ್ ಬಂದರೆ ಪಿಟ್ಯುಟರಿ ತನ್ನ ಕೆಲಸ ನಿಲ್ಲಿಸಿಬಿಡುತ್ತದೆ. ಒಂದು ದಿನ ‘ಮುಖ ಊದುತ್ತಿದೆ, ಸಾಕು’ ಅಂತ ಮಾತ್ರೆ ಪೂರ್ತಿ ಬಿಟ್ಟರೆ, ಮೇಲಿಂದ ಒಂದು ಜ್ವರ ಬಂದರೆ, ರೈಟರಿಗೆ ಆದದ್ದೇ ಆಗುತ್ತದೆ. ಆಶಾ ಅಕ್ಕಂದಿರಿಗೆ ನನ್ನ ಕೋರಿಕೆ ಇದು. ಇಂಥ ಮಾತ್ರೆ ತಿನ್ನುವವರು ನಿಮ್ಮ ಕಣ್ಣಿಗೆ ಬಿದ್ದರೆ ‘ಈಗಲೇ ಬಿಟ್ಟುಬಿಡಿ’ ಅಂತ ಗದರಬೇಡಿ. ‘ಪೊಟ್ಟಣ ತಗೊಂಡು ಡಾಕ್ಟರ ಹತ್ತಿರ ಹೋಗೋಣ’ ಅನ್ನಿ. ಡೋಸ್ ನಿಧಾನಕ್ಕೆ ಇಳಿಸಬೇಕು.

ಗಡ್ಡೆಯ ಕಾರಣಕ್ಕೆ ಸ್ಟೀರಾಯ್ಡ್ ಮಾತ್ರೆಯ ಮೇಲಿರುವವರು ಮೂರು ವಿಷಯ ಬಾಯಿಪಾಠ ಮಾಡಿಕೊಳ್ಳಬೇಕು. ಜ್ವರ ಬಂದರೆ ಡಾಕ್ಟರು ಬರೆದುಕೊಟ್ಟಂತೆ ಡೋಸ್ ಎರಡು ಅಥವಾ ಮೂರು ಪಟ್ಟು. ವಾಂತಿಯಾಗಿ ಮಾತ್ರೆ ನಿಲ್ಲದಿದ್ದರೆ ಕಾಯಬಾರದು, ಇಂಜೆಕ್ಷನ್ ಬೇಕು. ಹಲ್ಲು ಕೀಳಿಸುವುದಿರಲಿ, ಬೇರೆ ಆಪರೇಷನ್ ಇರಲಿ, ಮೊದಲೇ ತಿಳಿಸಬೇಕು. ಪರ್ಸಿನಲ್ಲಿ ಒಂದು ಚೀಟಿ ಇರಲಿ. ‘ನನಗೆ ಪಿಟ್ಯುಟರಿ ತೊಂದರೆ ಇದೆ. ಎಚ್ಚರ ತಪ್ಪಿದರೆ ಹೈಡ್ರೊಕಾರ್ಟಿಸೋನ್ 100 ಮಿಲಿಗ್ರಾಂ ಕೂಡಲೇ ಕೊಡಿ’ ಅಂತ. ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬರೆದಿಡಿ. ಇನ್ನೊಂದು, ಥೈರಾಯ್ಡ್ ಮಾತ್ರೆಯೂ ಬೇಕಾದವರಲ್ಲಿ ಸ್ಟೀರಾಯ್ಡ್ ಮೊದಲು, ಥೈರಾಯ್ಡ್ ಮಾತ್ರೆ ಆಮೇಲೆ. ತಿರುವುಮುರುವು ಆದರೆ ಅದರಿಂದಲೇ ಬಿಪಿ ಕುಸಿಯಬಹುದು.

ಈಗ ಒಂದು ಪರೀಕ್ಷೆ ಮಾಡೋಣ. ಇಬ್ಬಿಬ್ಬರು ಎದುರುಬದುರು ತಿರುಗಿ ಕೂರಿ. ಮಧ್ಯೆ ಒಂದು ಮೊಳಕ್ಕಿಂತ ಸ್ವಲ್ಪ ಜಾಸ್ತಿ ಅಂತರ ಇರಲಿ. ನೀವು ಬಲಗಣ್ಣು ಮುಚ್ಚಿ, ಎದುರಿನವರು ಎಡಗಣ್ಣು ಮುಚ್ಚಲಿ. ಇಬ್ಬರೂ ಒಬ್ಬರ ಮೂಗನ್ನು ಒಬ್ಬರು ನೋಡುತ್ತಿರಬೇಕು, ಕಣ್ಣು ಆ ಕಡೆ ಈ ಕಡೆ ಹೋಗಬಾರದು. ಈಗ ಒಬ್ಬರು ಪೆನ್ನಿನ ಕೆಂಪು ಕ್ಯಾಪನ್ನು ಇಬ್ಬರ ಮಧ್ಯದಲ್ಲಿ ಹಿಡಿದು, ತೆರೆದ ಕಣ್ಣಿನ ಹೊರಗಡೆಯಿಂದ ನಿಧಾನಕ್ಕೆ ಒಳಗೆ ತನ್ನಿ. ಕೆಂಪು ಕಂಡ ಕೂಡಲೇ ‘ಬಂತು’ ಅನ್ನಿ. ಇಬ್ಬರಿಗೂ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಕಂಡಿತಲ್ಲ? ಇನ್ನೊಂದು ಕಣ್ಣಿಗೂ ಹೀಗೇ ಮಾಡಿ. ಪಿಟ್ಯುಟರಿ ಗಡ್ಡೆ ಮೇಲೆ ಬೆಳೆದು ಕಣ್ಣಿನ ನರ ಒತ್ತಿದರೆ ಎರಡೂ ಕಣ್ಣಿನ ಹೊರಬದಿಯ ನೋಟ ಮಸುಕಾಗುತ್ತದೆ. ಮಧ್ಯದ ನೋಟ ಚೆನ್ನಾಗಿರುವುದರಿಂದ ಗೋಡೆಯ ಮೇಲಿನ ಅಕ್ಷರ ಸರಿಯಾಗಿ ಓದುತ್ತಾರೆ. ಹಾಗಾಗಿ ಕನ್ನಡಕ ಬದಲಾಯಿಸುತ್ತಾ ಇರುತ್ತಾರೆ. ಬಾಗಿಲ ಚೌಕಟ್ಟಿಗೆ ಭುಜ ತಾಗಿಸಿಕೊಳ್ಳುತ್ತಾರೆ, ಬೈಕ್ ಓಡಿಸುವಾಗ ಪಕ್ಕದಿಂದ ಬಂದ ದನ ಕಾಣುವುದಿಲ್ಲ. ವಯಸ್ಸಾದವರಲ್ಲಿ ಪೊರೆ ಆಪರೇಷನ್ ಆದ ಮೇಲೂ ‘ಸರಿ ಕಾಣ್ತಿಲ್ಲ’ ಅಂತ ದೂರು ಉಳಿದರೆ ಇದನ್ನೂ ನೆನಪಿಸಿಕೊಳ್ಳಬೇಕು. ಕೆಂಪು ಕ್ಯಾಪಿನ ಪರೀಕ್ಷೆಯಿಂದ ರೋಗ ತೀರ್ಮಾನ ಆಗುವುದಿಲ್ಲ. ಕಣ್ಣಿನ ಡಾಕ್ಟರ ಹತ್ತಿರ ಹೋಗಿ ಫೀಲ್ಡ್ ಟೆಸ್ಟ್ ಮಾಡಿಸಬೇಕು ಅಂತ ಗೊತ್ತಾಗುತ್ತದೆ, ಅಷ್ಟೇ.

ಆಪರೇಷನ್ ಆಗಿ ಊರಿಗೆ ಬಂದವರ ಬಗ್ಗೆ ಸ್ವಲ್ಪ. ಈಗ ಹೆಚ್ಚಾಗಿ ಮೂಗಿನ ಮೂಲಕ ಎಂಡೋಸ್ಕೋಪ್ ಹಾಕಿ ಗಡ್ಡೆ ತೆಗೆಯುತ್ತಾರೆ. ಕೆಲವೇ ದಿನದಲ್ಲಿ ಮನೆಗೆ ಕಳಿಸುತ್ತಾರೆ. ಬಗ್ಗಿದಾಗ ಮೂಗಿನಿಂದ ನೀರಿನಂತೆ ತಿಳಿಯಾಗಿ ತೊಟ್ಟಿಕ್ಕಿದರೆ, ಗಂಟಲಲ್ಲಿ ಉಪ್ಪುಪ್ಪು ಅನಿಸಿದರೆ ಅದು ನೆಗಡಿ ಇರಲಿಕ್ಕಿಲ್ಲ. ಮೆದುಳಿನ ಸುತ್ತಲಿನ ದ್ರವ ಸೋರುತ್ತಿರಬಹುದು. ಸೋರುವ ದಾರಿಯಲ್ಲೇ ಸೋಂಕು ಒಳಗೆ ಹೋಗಿ ಮೆದುಳು ಜ್ವರ ಬರುತ್ತದೆ. ಮೂಗು ಸೀಟಬೇಡಿ, ಅವತ್ತೇ ಆಪರೇಷನ್ ಮಾಡಿದವರಿಗೆ ಫೋನ್ ಮಾಡಿ. ಆಪರೇಷನ್ ಆಗಿ ಐದರಿಂದ ಹತ್ತು ದಿನದೊಳಗೆ ಸೋಡಿಯಂ ಇಳಿಯುವುದೂ ಉಂಟು. ತಲೆನೋವು, ವಾಕರಿಕೆ, ಮಂಕು, ಕೊನೆಗೆ ಫಿಟ್ಸ್. ಮನೆಗೆ ಬಂದ ಮೇಲೆ ಆ ವಾರದಲ್ಲಿ ಒಮ್ಮೆ ಸೋಡಿಯಂ ನೋಡಿಸುವುದು ಒಳ್ಳೆಯದು.

ಇದಕ್ಕೆ ತದ್ವಿರುದ್ಧವಾದದ್ದೂ ಇದೆ. ಕೆಲವರಿಗೆ ಮೂತ್ರ ನೀರಿನಂತೆ ಹೋಗುತ್ತಲೇ ಇರುತ್ತದೆ, ದಿನಕ್ಕೆ ಐದಾರು ಲೀಟರ್, ಇನ್ನೂ ಜಾಸ್ತಿ. ವಿಪರೀತ ಬಾಯಾರಿಕೆ. ನೀರು ಹಿಡಿದಿಡಲು ಕಿಡ್ನಿಗೆ ಹೇಳುವ ಹಾರ್ಮೋನು ಕಡಿಮೆಯಾಗಿರುತ್ತದೆ. ಇದನ್ನು ಡಯಾಬಿಟಿಸ್ ಇನ್ಸಿಪಿಡಸ್ ಅಂತ ಕರೆಯುತ್ತಿದ್ದರು. ಸಕ್ಕರೆ ಕಾಯಿಲೆಗೂ ಇದಕ್ಕೂ ಸಂಬಂಧವಿಲ್ಲ. ಆದರೂ ಆಸ್ಪತ್ರೆಗಳಲ್ಲಿ ಸಕ್ಕರೆ ಕಾಯಿಲೆ ಅಂದುಕೊಂಡು ಇದರ ಔಷಧಿ ಡೆಸ್ಮೊಪ್ರೆಸಿನ್ ಕೊಡದೆ ಬಿಟ್ಟು ಅನಾಹುತವಾದದ್ದಿದೆ. ಅದಕ್ಕೇ 2022ರಲ್ಲಿ ತಜ್ಞರು ಹೆಸರನ್ನೇ ಬದಲಾಯಿಸಿದರು. ನಿಮ್ಮ ಮನೆಯಲ್ಲಿ ಇಂಥವರಿದ್ದು, ಬೇರೆ ಯಾವ ಕಾರಣಕ್ಕೆ ಅಡ್ಮಿಟ್ ಆದರೂ, ಡೆಸ್ಮೊಪ್ರೆಸಿನ್ ತಪ್ಪಿಸಬಾರದು ಅಂತ ವಾರ್ಡಿನ ಸಿಸ್ಟರಿಗೆ ಹೇಳಿ. ಒಮ್ಮೆ ಹೇಳಿದರೆ ಸಾಲದು, ಡ್ಯೂಟಿ ಬದಲಾದಾಗಲೂ ಹೇಳಿ.

ಬೇರೆ ಗಡ್ಡೆಗಳಿಗೆ ಬರೋಣ. ಮೆನಿಂಜಿಯೋಮ ಹೆಂಗಸರಲ್ಲಿ ಜಾಸ್ತಿ. ಎಷ್ಟೋ ಜನರಲ್ಲಿ ಮೊದಲ ಸುಳಿವು ಫಿಟ್ಸ್. ನಡುವಯಸ್ಸಿನಲ್ಲಿ ಜೀವನದಲ್ಲೇ ಮೊದಲ ಸಲ ಫಿಟ್ಸ್ ಬಂದರೆ ಸ್ಕ್ಯಾನ್ ಆಗಲೇಬೇಕು. ಫಿಟ್ಸ್ ಬಂದಾಗ ನಮ್ಮಲ್ಲಿ ಕೈಗೆ ಬೀಗದ ಕೈ ಹಿಡಿಸುತ್ತಾರೆ, ಈರುಳ್ಳಿ ಮೂಸಿಸುತ್ತಾರೆ, ಬಾಯಿಗೆ ಚಮಚ ತುರುಕುತ್ತಾರೆ. ಬೀಗದ ಕೈಯಿಂದ ಹೊತ್ತು ಹಾಳು, ಚಮಚದಿಂದ ಹಲ್ಲು ಮುರಿದು ಉಸಿರಾಟದ ದಾರಿಗೇ ಹೋಗಬಹುದು. ಒಂದು ಮಗ್ಗುಲಿಗೆ ಮಲಗಿಸಿ, ಕತ್ತಿನ ಗುಂಡಿ ಸಡಿಲಿಸಿ, ಗಡಿಯಾರ ನೋಡಿ. ಐದು ನಿಮಿಷ ದಾಟಿದರೆ, ಅಥವಾ ಎಚ್ಚರವಾಗದೆ ಮತ್ತೊಂದು ಬಂದರೆ, 108ಕ್ಕೆ ಕರೆ ಮಾಡಿ. ಮೆನಿಂಜಿಯೋಮ ಆಪರೇಷನ್ ಆದವರಲ್ಲಿ ಒಂದೇ ಕಾಲು ಊದಿ ನೋಯುತ್ತಿದ್ದರೆ, ಇದ್ದಕ್ಕಿದ್ದಂತೆ ಉಸಿರು ಕಟ್ಟಿದರೆ, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿ ಶ್ವಾಸಕೋಶಕ್ಕೆ ಹೋಗಿರಬಹುದು. ಅದೂ ತುರ್ತೇ.

ಕೊಲಾಯ್ಡ್ ಸಿಸ್ಟ್ ಅಂತ ಒಂದಿದೆ. ಒಂದೆರಡು ಸೆಂಟಿಮೀಟರಿನ ನೀರುಗುಳ್ಳೆ, ಅಷ್ಟೇ. ಮೆದುಳಿನೊಳಗೆ ದಿನಕ್ಕೆ ಸುಮಾರು ಅರ್ಧ ಲೀಟರ್ ದ್ರವ ಹುಟ್ಟಿ, ಹರಿದು, ಇಂಗುತ್ತದೆ. ಈ ಗುಳ್ಳೆ ಇರುವುದು ಆ ದ್ರವ ಹರಿದುಹೋಗುವ ಬಾಯಲ್ಲೇ. ತೋಟದ ತೂಬಿಗೆ ತೆಂಗಿನ ಚಿಪ್ಪು ಸಿಕ್ಕಿಕೊಂಡ ಹಾಗೆ ಒಮ್ಮೊಮ್ಮೆ ಅಡ್ಡ ಕೂತುಬಿಡುತ್ತದೆ. ಒಳಗೆ ದ್ರವ ತುಂಬಿ ಗಂಟೆಗಳಲ್ಲಿ ಎಚ್ಚರ ತಪ್ಪುತ್ತದೆ, ಪ್ರಾಣವೇ ಹೋದದ್ದೂ ಇದೆ. ಬಗ್ಗಿದರೆ, ಮಲಗಿದರೆ ಜೋರಾಗಿ, ಭಂಗಿ ಬದಲಾಯಿಸಿದರೆ ಇಳಿಯುವ ತಲೆನೋವು ಇದರ ಗುರುತು. ಇದರಲ್ಲಿ ಬೆನ್ನಿನಿಂದ ನೀರು ತೆಗೆಯುವ ಪರೀಕ್ಷೆ ಸ್ಕ್ಯಾನ್ ಇಲ್ಲದೆ ಮಾಡಲೇಬಾರದು. ದ್ರವ ಇಳಿಯಲು ಷಂಟ್ ಕೊಳವೆ ಹಾಕಿಸಿಕೊಂಡ ಮಕ್ಕಳಿರುತ್ತಾರೆ. ಶಿಕ್ಷಕರೇ, ಆ ಮಗು ತಲೆನೋವು ಅಂತ ವಾಂತಿ ಮಾಡಿ ಬೆಂಚಿನ ಮೇಲೆ ತೂಕಡಿಸಿದರೆ ಬೆಳಗಿನ ತಿಂಡಿ ಜೀರ್ಣವಾಗಿಲ್ಲ ಅಂತ ತಿಳಿಯಬೇಡಿ. ಷಂಟ್ ಕಟ್ಟಿಕೊಂಡಿರಬಹುದು.

ಕಿವಿಯ ನರದ ಗಡ್ಡೆಯದು ನಿಧಾನದ ಕತೆ. ಫೋನನ್ನು ಗೊತ್ತಿಲ್ಲದೆಯೇ ಯಾವಾಗಲೂ ಒಂದೇ ಕಿವಿಗೆ ಹಿಡಿಯುವುದು ರೂಢಿಯಾಗಿರುತ್ತದೆ, ಇನ್ನೊಂದರಲ್ಲಿ ಕೇಳುತ್ತಿಲ್ಲ ಅಂತ ತಿಳಿಯುವುದೇ ಇಲ್ಲ. ತೀರಾ ದೊಡ್ಡದಾದರೆ ಮಾತ್ರ ಮೆದುಳಿನ ಕಾಂಡ ಒತ್ತುತ್ತದೆ.

ದೂರದ ಆಸ್ಪತ್ರೆಗೆ ಹೊರಡುವಾಗ ಏನು ಮಾಡಬೇಕು ಅಂತ ಮುಂದಿನ ಸಾಲಿನಿಂದ ಚೀಟಿ ಬಂದಿದೆ. ಹಳೆಯ ಎಂಆರ್‌ಐ ಫಿಲ್ಮು, ಸಿ.ಡಿ., ಈಗ ತಿನ್ನುತ್ತಿರುವ ಎಲ್ಲ ಮಾತ್ರೆಯ ಸ್ಟ್ರಿಪ್ ಒಂದು ಚೀಲದಲ್ಲಿ ಇರಲಿ. ಬರೀ ರಿಪೋರ್ಟಿನ ಕಾಗದ ಸಾಲದು, ಸರ್ಜನ್ನರು ಚಿತ್ರವನ್ನೇ ನೋಡಬೇಕು. ಇಂಜೆಕ್ಷನ್ ಎಷ್ಟು ಗಂಟೆಗೆ ಕೊಟ್ಟರು ಅಂತ ರೆಫರಲ್ ಚೀಟಿಯ ಮೇಲೆ ಬರೆಸಿಕೊಳ್ಳಿ. ಮುಂದಿನ ಆಸ್ಪತ್ರೆಗೆ ಫೋನ್ ಮಾಡಿ ನ್ಯೂರೋಸರ್ಜನ್ ಇದ್ದಾರಾ, ಬೆಡ್ ಇದೆಯಾ ಕೇಳಿಯೇ ಹೊರಡಿ. ಮಳೆಗಾಲದಲ್ಲಿ ಶಿರಾಡಿ ಘಾಟಿ ಕುಸಿದಿದ್ದರೆ ಮಂಗಳೂರಿನ ದಾರಿ ನೆಚ್ಚಬೇಡಿ, ಮೈಸೂರೋ ಬೆಂಗಳೂರೋ ಹಿಡಿಯಿರಿ.

ಬಸಿರಿನ ಬಗ್ಗೆ ಒಬ್ಬರು ತಾಯಿ ಕೇಳಿದ್ದಾರೆ. ಪ್ರೊಲ್ಯಾಕ್ಟಿನ್ ಗಡ್ಡೆ, ಅಂದರೆ ಎದೆಹಾಲು ಬರಿಸುವ ಹಾರ್ಮೋನನ್ನು ಜಾಸ್ತಿ ಮಾಡುವ ಪಿಟ್ಯುಟರಿ ಗಡ್ಡೆ, ಇದ್ದವರಲ್ಲಿ ಹೆಚ್ಚಿನವರಿಗೆ ಕ್ಯಾಬರ್ಗೋಲಿನ್ ಮಾತ್ರೆಯಲ್ಲೇ ಗಡ್ಡೆ ಕುಗ್ಗುತ್ತದೆ, ಮಕ್ಕಳೂ ಆಗುತ್ತಾರೆ. ಬಸಿರಾದದ್ದು ಗೊತ್ತಾದ ದಿನವೇ ಡಾಕ್ಟರಿಗೆ ತಿಳಿಸಿ. ದೊಡ್ಡ ಗಡ್ಡೆ ಬಸಿರಲ್ಲಿ ಬೆಳೆಯಬಹುದು. ತಲೆನೋವು ಹೊಸದಾಗಿ ಶುರುವಾದರೆ, ನೋಟ ಮಸುಕಾದರೆ ಬಸುರಿಯ ಸುಸ್ತು ಅಂತ ಮುಂದೂಡಬೇಡಿ.

ಕೊನೆಯ ಚೀಟಿಯಲ್ಲಿರುವ ಪ್ರಶ್ನೆ ಹೀಗಿದೆ: ‘ಪಿಟ್ಯುಟರಿ ಆಪರೇಷನ್ ಆಗಿದೆ, ದಿನಾ ಹೈಡ್ರೊಕಾರ್ಟಿಸೋನ್ ತಗೊಳ್ತೀನಿ. ಶಿವರಾತ್ರಿಗೆ ಧರ್ಮಸ್ಥಳಕ್ಕೆ ಪಾದಯಾತ್ರೆ ಹೋಗಬಹುದಾ?’ ಹೋಗಬಹುದು. ಆದರೆ ಹೊರಡುವ ಎರಡು ವಾರ ಮುಂಚೆ ನಿಮ್ಮ ಡಾಕ್ಟರನ್ನು ನೋಡಿ. ದಿನವಿಡೀ ನಡೆಯುವ ದಿನಗಳಿಗೆ ಡೋಸ್ ಎಷ್ಟು ಏರಿಸಬೇಕು ಅಂತ ಬರೆಸಿಕೊಳ್ಳಿ. ನಡೆಯುವಾಗ ಉಪವಾಸ ಬೇಡ, ಮಾತ್ರೆಯಂತೂ ಒಂದು ಹೊತ್ತೂ ತಪ್ಪಬಾರದು. ಎರಡು ಇಂಜೆಕ್ಷನ್ ಬಾಟಲಿ, ಸಿರಿಂಜು, ಡಾಕ್ಟರ ಚೀಟಿ ನಿಮ್ಮ ಚೀಲದಲ್ಲೇ ಇರಲಿ, ಹಿಂದೆ ಬರುವ ಸಾಮಾನಿನ ಗಾಡಿಯಲ್ಲಿ ಬೇಡ. ಜೊತೆಗೆ ನಡೆಯುವವರಲ್ಲಿ ಇಬ್ಬರಿಗಾದರೂ ಮಾಂಸಖಂಡಕ್ಕೆ ಚುಚ್ಚುವುದನ್ನು ಸಿಸ್ಟರ ಹತ್ತಿರ ಕಲಿಸಿಕೊಂಡು ಹೋಗಿ. ಘಾಟಿಯಲ್ಲಿ ಮೊಬೈಲ್ ಸಿಗ್ನಲ್ ಸಿಗದ ಜಾಗಗಳಿವೆ.